ಉತ್ತರಕ್ಕೆ ಮುಖ ಮಾಡಿ ಕೊರೆದ ಕಿಟಕಿ

ಶಂಕರಪೋಳಿಯನ್ನು ಅಳತೆಪಟ್ಟಿ ಇಟ್ಟಂತೆ ಕತ್ತರಿಸುವವಳೆಂದು ಹಳಿಯಾಳದ ನಮ್ಮ ಓಣಿಯಲ್ಲಿ ನನಗೊಂದು ಹೆಸರಿದೆ. ಆ ಹೆಸರಿನ ಬಲದಿಂದಲೇ ನಾನು ವಿಮಾನಕ್ಕೆ ಕೈ ಹಾಕಿದ್ದು.

ವಿಮಾನವೆಂದರೆ ಮನುಷ್ಯರು ಕೂಡುವುದಲ್ಲ. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಾರೆ. ಮನೆಯಲ್ಲಿ ಇಂಜಿನ್ನಿಲ್ಲದೆ ಗಾಳಿಯಲ್ಲಿ ತೇಲುವ ಪುಟ್ಟ ಗ್ಲೈಡರ್ ಮಾಡುತ್ತಾರೆ. ಗಾಜಿನ ನಾರಿನ ಬಟ್ಟೆಗೆ ಅಂಟು ಸವರಿ, ಅಚ್ಚಿನಲ್ಲಿ ಕೂರಿಸಿ, ಎಂಟು ತಿಂಗಳಲ್ಲಿ ಎರಡು ರೆಕ್ಕೆ ತೆಗೆದಿದ್ದರು. ಭಾನುವಾರ ಮುಂಡಗೋಡ ಕಡೆಯ ಸನವಳ್ಳಿ ಬಯಲಿನಲ್ಲಿ, ಗೆಳೆಯರ ಮುಂದೆ ಅದು ಹಾರಬೇಕಿತ್ತು. ಉಳಿದದ್ದು ಒಂದೇ ಕೆಲಸ, ಎಡ ರೆಕ್ಕೆಯ ಹೊಟ್ಟೆಗೆ ಬೆಂಕಿಪೆಟ್ಟಿಗೆಯಷ್ಟು ಕಿಟಕಿ ಕೊರೆಯುವುದು. ಸರ್ವೊ ಎಂಬ ಸಣ್ಣ ಮೋಟಾರು ಅಲ್ಲಿ ಕೂತು ರೆಕ್ಕೆಯ ಹಿಂದಿನ ಪಟ್ಟಿಯನ್ನು ಆಡಿಸುತ್ತದಂತೆ. ಕೊರೆದ ತುಂಡೇ ಅದಕ್ಕೆ ಮುಚ್ಚಳ. ಬಲ ರೆಕ್ಕೆಗೆ ಅವರೇ ಕೊರೆದಿದ್ದರು. ಆಮೇಲೆ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡರು.

"ನಾ ಕೊರೀತೇನಿ ಬಿಡ್ರಿ," ಅಂದೆ.

ಅವರು ಪ್ಲಾಸ್ಟರು ಹಾಕಿದ ತಮ್ಮ ಕೈ ನೋಡಿಕೊಂಡರು. ಬೇರೆ ದಾರಿ ಇರಲಿಲ್ಲ. ರೆಕ್ಕೆಯನ್ನು ಮೇಜಿನ ಮೇಲೆ ಮಗುಚಿಟ್ಟು, ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. "ನೀಲಾ, ನಿನ್ನ ಕಡಿ ಅಂಚಿಂದ ನಾಕ ಬೆರಳ ಬಿಟ್ಟು ಕೊರಿ. ಹಗೂರಕ," ಎಂದು ಹೇಳಿ, ಪ್ಲಾಸ್ಟರು ತೋರಿಸಲು ದವಾಖಾನೆಗೆ ಹೋದರು.

ವಿಭೂತಿ ಹಚ್ಚಿಕೊಂಡು ಬಂದು, ಗೆರೆ ನೆಟ್ಟಗೆ ಬರಲಪ್ಪಾ ಶಿವನೇ ಎಂದು ಬೇಡಿಕೊಂಡೆ. ಆಗ ತಿಳಿಯಿತು, ನನ್ನ ಮುಖ ದಕ್ಷಿಣಕ್ಕಿದೆ! ದಕ್ಷಿಣಕ್ಕೆ ಮುಖ ಮಾಡಿ ಯಾರಾದರೂ ಒಳ್ಳೆ ಕೆಲಸ ಶುರು ಮಾಡುತ್ತಾರೆಯೇ? ಕುರ್ಚಿಯನ್ನು ಮೇಜಿನ ಆಚೆ ಬದಿಗೆ ಒಯ್ದು, ಉತ್ತರಕ್ಕೆ ಮುಖ ಮಾಡಿ ಕೂತೆ. ನನ್ನ ಕಡೆಯ ಅಂಚಿನಿಂದ ನಾಲ್ಕು ಬೆರಳು ಎಣಿಸಿದೆ. ಅಂಚು ಗುಂಡಗೆ, ದಪ್ಪಗಿತ್ತು. ಆಚೆಯದು ಚಾಕುವಿನಷ್ಟು ತೆಳ್ಳಗೆ. ಸದ್ಯ, ಕೈ ಕೊಯ್ಯುವ ಅಂಚು ನನ್ನ ಕಡೆ ಬರಲಿಲ್ಲವಲ್ಲ ಎಂದು ಮತ್ತೊಮ್ಮೆ ಕೈಮುಗಿದೆ.

ಎರಡು ಗೆರೆ ಬೆಣ್ಣೆಯಲ್ಲಿ ಎಳೆದಂತೆ ಬಂದವು. ಉಳಿದೆರಡಕ್ಕೆ ಒಳಗಿನಿಂದ ಏನೋ ಕರಿ, ಗಟ್ಟಿ ಪಟ್ಟಿ ಅಡ್ಡ ಬಂತು. ವಿಘ್ನ ಎಂದುಕೊಂಡೆ. ಗರಗಸದ ಬ್ಲೇಡು ತಂದು, ಪಂಚಾಕ್ಷರಿ ಹೇಳುತ್ತ ಕೊಯ್ದೆ. ವಿಘ್ನ ತುಂಡಾಯಿತು. ಮುಚ್ಚಳವಾಗಬೇಕಿದ್ದ ತುಂಡು ಟೊಳ್ಳು ರೆಕ್ಕೆಯೊಳಗೆ ಬಿತ್ತು.

ಎರಡೂ ಕೈಯಲ್ಲಿ ರೆಕ್ಕೆ ಎತ್ತಿ ಅಲುಗಿಸಿದರೆ ಅದು ತುದಿಗೆ ಓಡುತ್ತದೆ, ಓರೆ ಮಾಡಿದರೆ ಬುಡಕ್ಕೆ. ಕಿಟಕಿಗೆ ಮಾತ್ರ ಬರುವುದಿಲ್ಲ. ಹೆಪ್ಪಿಗೆ ಮೊಸರು ಕೇಳಲು ಬಂದ ಪಕ್ಕದ ಮನೆಯ ಶಾಂತಕ್ಕ ಬಾಗಿಲಲ್ಲೇ ನಿಂತಳು.

"ಏನ ನೀಲಕ್ಕಾ, ಜ್ವಾಳಾ ಹಸನ ಮಾಡಾಕ ಹೊಸಾ ಮೊರಾ ತಂದೀಯೇನ?"

ಅಷ್ಟರಲ್ಲಿ ಯಜಮಾನರು ಬಂದರು. ಬೈಯಲಿಲ್ಲ. ಕೂತು, ಎಡಗೈ ಬೆರಳಿನಿಂದ ಕಿಟಕಿಯ ನಾಲ್ಕೂ ಮೂಲೆ ಮುಟ್ಟಿದರು. ಕಿಟಕಿ ಬೇಕಿದ್ದದ್ದು ತೆಳ್ಳಗಿನ ಅಂಚಿನ ಕಡೆಗಂತೆ, ಅವರು ನನ್ನನ್ನು ಮೊದಲು ಕೂರಿಸಿದ್ದ ಬದಿಗೆ. ನಾನು ಕೊಯ್ದ ಕರಿ ಪಟ್ಟಿ ರೆಕ್ಕೆಯ ಬೆನ್ನೆಲುಬಂತೆ. ನೋಡಿ ಕೊರೆಯಲು ಬಲ ರೆಕ್ಕೆ ಅಲ್ಲೇ ಗೋಡೆಗೆ ಒರಗಿತ್ತು. ನಾನು ಅದರ ಮೇಲೆ ಸೀರೆ ಒಣಗಲು ಹಾಕಿದ್ದೆ.

"ಇದಿನ್ನ ಹಾರೂದಿಲ್ಲ," ಅಂದರು. ಮೂಲೆಗಳನ್ನು ಮತ್ತೊಮ್ಮೆ ಸವರಿ, "ಮೂಲಿ ಮಾತ್ರ ನನಗಿಂತ ಚಲೋ ಬಂದಾವ."

ಬೈದಿದ್ದರೆ ಚೆನ್ನಾಗಿತ್ತು.

ಭಾನುವಾರ ಅವರು ಬರಿಗೈಯಲ್ಲಿ ಸನವಳ್ಳಿಗೆ ಹೋದರು, ಬೇರೆಯವರದು ಹಾರುವುದನ್ನು ನೋಡಲು. ನಾನು ದೇವರ ಮುಂದೆ ಕೂತು, ಆತ ಕಾಯ್ದದ್ದನ್ನು ನೆನೆದೆ. ಬೆರಳು ಉಳಿದಿವೆ, ಬಲ ರೆಕ್ಕೆ ಉಳಿದಿದೆ, ನಾನು ಕೊಟ್ಟ ಚಹಾವನ್ನು ಅವರು ಇನ್ನೂ ಕುಡಿಯುತ್ತಾರೆ. ಆತನನ್ನು ದೂರುವ ಹಾಗೂ ಇಲ್ಲ. ಗೆರೆ ನೆಟ್ಟಗೆ ಬರಲೆಂದು ಬೇಡಿದ್ದೆ, ಒಂದು ನೂಲಿನಷ್ಟೂ ಸೊಟ್ಟ ಬಂದಿಲ್ಲ. ಎಲ್ಲಿ ಬರಬೇಕೆಂದು ನಾನೇ ಹೇಳಿರಲಿಲ್ಲ.