ಇಲಿಯ ಮೂತ್ರಕ್ಕೆ ಬಿದ್ದ ನೀರು

ಪ್ರತಿಯೊಬ್ಬರ ಕಸುಬಿನಲ್ಲೂ ಬೀಗರ ಮುಂದೆ ಹೇಳಲಾಗದ ಒಂದು ಭಾಗ ಇರುತ್ತದೆ. ಜಾಣರು ಅದನ್ನು ಮುಚ್ಚಿಟ್ಟು ಉಳಿದದ್ದನ್ನು ಹೇಳಿಕೊಂಡು ಓಡಾಡುತ್ತಾರೆ. ನನಗೆ ಆ ಅನುಕೂಲ ಇರಲಿಲ್ಲ. ಮುಚ್ಚಿಡಬೇಕಾದ ಭಾಗವನ್ನು ತೆಗೆದರೆ ನನ್ನ ಕಸುಬಿನಲ್ಲಿ ಉಳಿಯುವಂಥದ್ದು ಏನೂ ಇರಲಿಲ್ಲ. ತೊಂಬತ್ತರ ದಶಕದಲ್ಲಿ, ಕಲಬುರಗಿಯ ಒಂದು ಔಷಧ ವಿಜ್ಞಾನದ ಕಾಲೇಜಿನಲ್ಲಿ, ನಾನು ಮೂರು ವರ್ಷ ಇಲಿಗಳ ಮೂತ್ರ ಅಳೆದೆ. ಅದೇ ಊರಿನ ಗಾಜಿಪುರ ಬಡಾವಣೆಯ ನಮ್ಮ ಮನೆಗೆ ಬಂದವರು ಮಗ ಏನು ಮಾಡುತ್ತಾನೆ ಎಂದು ಕೇಳಿದರೆ, ನಮ್ಮ ಆಯಿ ಕಿಡ್ನಿಯ ಮೇಲೆ ಸಂಶೋಧನೆ ಮಾಡುತ್ತಾನೆ ಎಂದು ಹೇಳಿ, ಯಾರ ಕಿಡ್ನಿ ಎಂಬ ಪ್ರಶ್ನೆ ಬರುವ ಮೊದಲೇ ಚಹಾ ಇಡಲು ಎದ್ದುಬಿಡುತ್ತಿದ್ದಳು. ಹಾಗೆ ಹೇಳುವ ಆಯಿಯೇ ಸಂಜೆ ನಾನು ಮನೆಗೆ ಬಂದರೆ ಸ್ನಾನವಾಗುವ ತನಕ ಅಡಿಗೆಮನೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಏಕಾದಶಿಯ ದಿನವಂತೂ ನನ್ನ ಚೀಲಕ್ಕೂ ಅಂಗಳದಲ್ಲೇ ವಾಸ.

ಕೆಲಸದ ಹಿಂದಿನ ವಿಚಾರ ಮಾತ್ರ ಸಭ್ಯವಾದದ್ದೇ. ಕೆಲವು ಔಷಧಿಗಳು, ಮುಖ್ಯವಾಗಿ ನೋವಿಗೆ ನುಂಗುವ ಮಾತ್ರೆಗಳು, ಹೆಚ್ಚಾದರೆ ಕಿಡ್ನಿಯನ್ನು ಕೆಡಿಸುತ್ತವೆ. ರಕ್ತಪರೀಕ್ಷೆಯಲ್ಲಿ ಅದು ಗೊತ್ತಾಗುವ ಹೊತ್ತಿಗೆ ಕಿಡ್ನಿ ಸಾಕಷ್ಟು ಕೆಟ್ಟುಹೋಗಿರುತ್ತದೆ. ಆದರೆ ಕಿಡ್ನಿಗೆ ಪೆಟ್ಟು ಬಿದ್ದ ಕೂಡಲೇ ಅದರ ಜೀವಕೋಶಗಳಿಂದ ಒಂದು ಕಿಣ್ವ ಮೂತ್ರಕ್ಕೆ ಸೋರಲು ಶುರುವಾಗುತ್ತದೆ. ಇಂಥ ಗುರುತಿಗೆ ಬಯೋಮಾರ್ಕರ್ ಎಂದು ದೊಡ್ಡ ಹೆಸರು. ನನಗೆ ಅದು ನಮ್ಮ ಪಕ್ಕದ ಮನೆಯ ವೈನಿಯ ಹಾಗೆ ಕಾಣುತ್ತಿತ್ತು. ನಮ್ಮ ಮನೆಯಲ್ಲಿ ಏನಾದರೂ ಕೆಟ್ಟರೆ ನಮಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು. ಒಂದು ಗುಂಪಿನ ಇಲಿಗಳಿಗೆ ನೋವಿನ ಔಷಧಿಯನ್ನು ಹೆಚ್ಚು ಪ್ರಮಾಣದಲ್ಲಿ ಕುಡಿಸುವುದು, ಇನ್ನೊಂದು ಗುಂಪಿಗೆ ಬರೀ ನೀರು ಕುಡಿಸುವುದು, ದಿನವಿಡೀ ಎರಡೂ ಗುಂಪಿನ ಮೂತ್ರ ಹಿಡಿದು ಕಿಣ್ವ ಎಷ್ಟಿದೆ ಎಂದು ನೋಡುವುದು. ರಕ್ತಕ್ಕಿಂತ ಮೊದಲು ಮೂತ್ರ ಸತ್ಯ ಹೇಳುತ್ತದೆ ಎಂದು ತೋರಿಸಿದರೆ ನನಗೆ ಪದವಿ. ಪದವಿ ಬಂದರೆ ಅದೇ ಕಾಲೇಜಿನ ನನ್ನ ಹಂಗಾಮಿ ಕೆಲಸ ಖಾಯಂ, ಬರದಿದ್ದರೆ ಅದೂ ಇಲ್ಲ. ಪ್ರಬಂಧ ಒಪ್ಪಿಸುವ ಅವಧಿಯನ್ನು ಅದಾಗಲೇ ಎರಡು ಸಲ ವಿಸ್ತರಿಸಿಕೊಂಡು ಎಲ್ಲರ ಬಾಯಿಗೂ ಬಿದ್ದಿದ್ದೆ.

ಇಲಿಗಳ ಜವಾಬ್ದಾರಿ ಅಟೆಂಡರ್ ಶರಣಪ್ಪ ಕಾಕಾ ಅವರದು. ಐವತ್ತು ದಾಟಿದವರು, ಕಮಲಾಪುರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ತಮ್ಮ ಹೊಲದ ಕೆಂಪು ಬಾಳೆಹಣ್ಣು ತಂದು ಇಲಿಗಳಿಗೂ ಒಂದೊಂದು ಚೂರು ಕೊಡಲು ಹೋಗಿ ನನ್ನಿಂದ ಬೈಸಿಕೊಂಡಿದ್ದರು. ನಾನು ಸ್ವಭಾವತಃ ಒಳ್ಳೆಯವನು ಎಂದೇ ತಿಳಿದಿದ್ದೇನೆ. ಆದರೆ ಅವಧಿ ಮುಗಿಯುತ್ತಿರುವ ಸಂಶೋಧಕನಿಗೆ ಬೈಯಲು ಸಿಗುವವರು ಗೈಡ್ ಅಲ್ಲ, ಅಟೆಂಡರ್. ಇಲಿಗಳ ಪಂಜರದ ಕೆಳಗೆ ಗಾಜಿನ ಫನೆಲ್ಲು, ಫನೆಲ್ಲಿನ ಕೆಳಗೆ ಬಾಟಲಿ. ಕೊನೆಯ ಪ್ರಯೋಗದ ಮೊದಲ ದಿನ ಬಾಟಲಿ ಸರಿಯಾಗಿ ಕೂರದೆ ಸ್ವಲ್ಪ ಮೂತ್ರ ನೆಲದ ಪಾಲಾಯಿತು. ಆಗ ನಾನು ಹಾರಾಡಿ, ಇಲ್ಲಿ ಒಂದು ಹನಿ ಹಾಳಾದರೂ ನನ್ನ ಮೂರು ವರ್ಷ ಹಾಳು ಎಂದು ಭಾಷಣ ಮಾಡಿದೆ. ಅವರು ತಲೆಯಾಡಿಸಿ, ಹೆಗಲ ಮೇಲಿನ ಟವೆಲಿನಿಂದ ನೆಲ ಒರೆಸಿದರು.

ಮೂರು ವಾರದ ನಂತರ ಫಲಿತಾಂಶ ಬಂತು. ಬರೀ ನೀರು ಕುಡಿದ ಇಲಿಗಳ ಮೂತ್ರದಲ್ಲಿ ಕಿಣ್ವ ಇರಬೇಕಾದಷ್ಟು ಇತ್ತು. ಔಷಧಿ ಕುಡಿದು, ಕೂದಲು ಕೆದರಿ, ಮೂಲೆ ಹಿಡಿದು ಕೂತ ಇಲಿಗಳ ಮೂತ್ರದಲ್ಲಿ ಅದಕ್ಕಿಂತ ಕಡಿಮೆ ಇತ್ತು. ಅಂದರೆ ನನ್ನ ಪ್ರಕಾರ ನೋವಿನ ಮಾತ್ರೆ ಕಿಡ್ನಿಗೆ ಟಾನಿಕ್. ಮೂರು ಸಲ ಪರೀಕ್ಷೆ ಮಾಡಿದೆ, ಮೂರು ಸಲವೂ ಅದೇ ಉತ್ತರ. ಪ್ರಬಂಧ ಒಪ್ಪಿಸುವ ಮೊದಲಿನ ಸೆಮಿನಾರಿಗೆ ಹನ್ನೆರಡು ದಿನ ಉಳಿದಿತ್ತು, ಹೊಸದಾಗಿ ಮಾಡಲು ಇಲಿಗಳು ಉಳಿದಿರಲಿಲ್ಲ. ಎರಡು ದಿನ ಊಟ ಸೇರಲಿಲ್ಲ. ಕೊನೆಗೆ ಶರಣಪ್ಪ ಕಾಕಾ ಪಂಜರದ ಚೀಟಿಗಳನ್ನು ಅದಲುಬದಲು ಮಾಡಿರಬೇಕು ಎಂಬ ಸಂಶಯ ಬಂತು. ಆ ಸಂಶಯ ನನಗೆ ಎಷ್ಟು ಹಿತವಾಗಿತ್ತೆಂದರೆ ಸೋಮವಾರದ ತನಕ ಕಾಯಲು ಆಗಲಿಲ್ಲ. ಭಾನುವಾರ ಬೆಳಿಗ್ಗೆಯೇ ಕಮಲಾಪುರದ ಬಸ್ಸು ಹತ್ತಿದೆ.

ಜಗಳಕ್ಕೆಂದು ಹೋದವನನ್ನು ಕಾಕಾ ಅತಿಥಿ ಎಂದುಕೊಂಡರು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈಕಾಲಿಗೆ ನೀರು ಬಂತು, ಕೂಡಲು ಚಾಪೆ ಬಂತು, ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎಲ್ಲವೂ ಬಂದವು. ಎರಡು ದಿನ ಸೇರದಿದ್ದ ಊಟ ಅಲ್ಲಿ ನಾಲ್ಕು ರೊಟ್ಟಿಯಷ್ಟು ಸೇರಿತು. ಈ ಸಂಗತಿಯನ್ನು ನಾನು ಆಯಿಗೆ ಇವತ್ತಿನವರೆಗೂ ಹೇಳಿಲ್ಲ. ಚೀಟಿಗಳ ಮಾತು ಎತ್ತಿದಾಗ ಕಾಕಾ ತಪ್ಪಿಲ್ಲದೆ ಒಂದೊಂದು ಪಂಜರದ ಇಲಿಯ ಗುರುತು ಹೇಳಿದರು, ಯಾವುದರ ಕಿವಿ ಹರಿದಿದೆ, ಯಾವುದರ ಬಾಲ ಮೊಂಡು ಎಂಬುದೆಲ್ಲ ಸೇರಿಸಿ. ಅದಲುಬದಲು ಆಗಿರಲಿಲ್ಲ.

ಊಟದ ಕೊನೆಗೆ ಮಜ್ಜಿಗೆ. ಕಾಕಾ ಅವರ ಹೆಂಡತಿ ಕಾಕೂ ಗಡಿಗೆಯನ್ನು ನನ್ನ ಲೋಟಕ್ಕೆ ಬಗ್ಗಿಸಿದರು, ಗಡಿಗೆ ಬರಿದಾಯಿತು. ಆಮೇಲೆ ಅವರು ಗಡಿಗೆಗೆ ಒಂದಿಷ್ಟು ನೀರು ಹಾಕಿ, ಕುಲುಕಿ, ಅಂಟಿಕೊಂಡಿದ್ದ ಮಜ್ಜಿಗೆಯನ್ನೂ ಇಳಿಸಿ ಅದೇ ಲೋಟಕ್ಕೆ ಸುರಿದರು. ಇತ್ತ ಕಾಕಾ ತಮ್ಮ ತಾಟಿಗೆ ನೀರು ಹಾಕಿಕೊಂಡು, ಬೆರಳಿನಿಂದ ಸುತ್ತ ತೊಳೆದು, ಆ ನೀರನ್ನು ಭಕ್ತಿಯಿಂದ ಕುಡಿದುಬಿಟ್ಟರು. ಅವರ ಮನೆಯಲ್ಲಿ ಅನ್ನವನ್ನು ಪ್ರಸಾದವೆಂದು ತಿಳಿದು, ಒಂದು ಅಗುಳೂ ಚೆಲ್ಲದ ಪದ್ಧತಿ. ನಾನು ಲೋಟ ಎತ್ತಿದವನು ಹಾಗೇ ಕೂತೆ. ತೆಳ್ಳಗಾದ ಆ ಮಜ್ಜಿಗೆಯನ್ನು ನೋಡುತ್ತ ನೋಡುತ್ತ ನನಗೆ ಇಲಿಗಳ ಬಾಟಲಿ ನೆನಪಾಯಿತು.

"ಕಾಕಾ, ಇಲಿ ಫನೆಲ್ಲಿಗೂ ಹಿಂಗೇ ನೀರು ಹಾಕ್ತೀರೇನು?" ಎಂದು ಕೇಳಿದೆ.

"ಹೌದ್ರಿ ಸರ್. ಒಂದು ಹನಿನೂ ಹಾಳಾಗಬಾರದಂತ ನೀವೇ ಹೇಳಿದ್ರಲ್ರಿ," ಎಂದರು ಅವರು. "ಚಲೋ ಇಲಿಗೋಳದು ಧಾರಾಳ ಬರ್ತದ, ತಾನೇ ಬಾಟ್ಲಿಗಿ ಇಳೀತದ. ಆ ಜಡ್ಡಿನವು, ಪಾಪ, ನಾಕು ಹನಿ ಹೊಯ್ತಾವ, ಅದೂ ಫನೆಲ್ಲಿಗೇ ಅಂಟಿಕೊಂಡು ಒಣಗತದ. ಅದಕ್ಕ ಜರಾ ನೀರು ಹಾಕಿ ತೊಳದು ಬಾಟ್ಲಿಗಿ ಬಿಡ್ತೀನ್ರಿ."

ಮಜ್ಜಿಗೆ ಹೇಗೆ ಕುಡಿದು ಮುಗಿಸಿದೆನೋ ಗೊತ್ತಿಲ್ಲ. ಬರುವಾಗ ಅವರು ಒಂದು ಹಣಿಗೆ ಕೆಂಪು ಬಾಳೆಹಣ್ಣು ಕೊಟ್ಟರು. ಅದನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನುದ್ದಕ್ಕೂ ಕೊಟ್ಟವರನ್ನೇ ಮನಸ್ಸಿನಲ್ಲಿ ಶಪಿಸುತ್ತ ಬಂದೆ. ಸೋಮವಾರ ನನ್ನ ಗೈಡ್ ಮೇಡಮ್ ಕೋಣೆಗೆ ನುಗ್ಗಿ, ಶರಣಪ್ಪ ಕಾಕಾ ಅವರನ್ನೂ ಕರೆಸಿ, ಅವರ ಎದುರಿಗೇ ದೂರು ಕೊಟ್ಟೆ. ಈ ಮನುಷ್ಯ ನನ್ನ ಸ್ಯಾಂಪಲ್ಲಿಗೆ ನೀರು ಬೆರೆಸಿ ಮೂರು ವರ್ಷದ ಶ್ರಮವನ್ನು ನೀರುಪಾಲು ಮಾಡಿದ್ದಾರೆ ಎಂದೆ. ಕಾಕಾ ಕೈಕಟ್ಟಿ ಬಾಗಿಲ ಬಳಿ ನಿಂತಿದ್ದರು. ಮೇಡಮ್ ನನ್ನ ರಿಜಿಸ್ಟರ್ ತಿರುವಿ ಹಾಕಿದರು. ಪ್ರತಿ ಬಾಟಲಿಯಲ್ಲಿ ಒಟ್ಟು ಎಷ್ಟು ಬಂತು ಎಂಬುದನ್ನು ನಾನೇ ದಿನಾ ಬರೆದಿಟ್ಟಿದ್ದೆ. ಅದರ ಪಕ್ಕದಲ್ಲೇ ಒಂದು ಹನಿಯಲ್ಲಿ ಕಿಣ್ವ ಎಷ್ಟು ಎಂಬುದೂ ಇತ್ತು. ಎರಡನ್ನೂ ಗುಣಿಸುವ ಗೋಜಿಗೆ ಮಾತ್ರ ನಾನು ಹೋಗಿರಲಿಲ್ಲ.

"ಜೋಶಿ, ಮಜ್ಜಿಗಿಗೆ ನೀರು ಹಾಕಿದ್ರ ಉಪ್ಪು ಎಲ್ಲಿ ಹೋಗತದ?" ಎಂದು ಕೇಳಿದರು ಮೇಡಮ್.

ಸಪ್ಪಗಾಗುತ್ತದೆ ಎಂದೆ.

"ನಿನ್ನ ನಾಲಿಗಿಗೆ ಸಪ್ಪಗಾಗತದ. ಗಡಿಗ್ಯಾಗ ಹಾಕಿದಷ್ಟೇ ಇರ್ತದ. ಫನೆಲ್ಲು ತೊಳಿಯೂದು ತಪ್ಪಲ್ಲ, ತೊಳೀಲೇಬೇಕು. ನಾನು ನಿನಗ ಹೇಳೂದು ಮರತಿದ್ದೆ, ಅವರು ಹೇಳದೇನೇ ಮಾಡ್ಯಾರ. ಹೋಗು, ಗುಣಿಸಿಕೊಂಡು ಬಾ."

ಅಲ್ಲಿಯೇ ಕೂತು ಗುಣಿಸಿದೆ. ಜಡ್ಡಿನ ಇಲಿಗಳ ಕಿಣ್ವ ಎರಡನೆಯ ದಿನವೇ ಮೇಲೆದ್ದಿತ್ತು. ರಕ್ತಪರೀಕ್ಷೆ ಇನ್ನೂ ಎಲ್ಲ ಕುಶಲ ಎಂದು ಹೇಳುತ್ತಿದ್ದ ದಿನಗಳಲ್ಲಿ ಮೂತ್ರ ತನ್ನ ಸಾಕ್ಷಿ ಹೇಳಿ ಮುಗಿಸಿತ್ತು. ಫನೆಲ್ಲು ತೊಳೆಯದೇ ಇದ್ದಿದ್ದರೆ ಆ ಸಾಕ್ಷಿಯ ಅರ್ಧ ಗಾಜಿಗೇ ಒಣಗಿಹೋಗುತ್ತಿತ್ತು. ನನಗೆ ಬಹಳ ನಾಚಿಕೆಯಾಯಿತು. ಹೊರಗೆ ಬಂದು ಕಾಕಾ ಅವರ ಮುಂದೆ ನಿಂತು ತಪ್ಪಾಯಿತು ಎಂದೆ. ಅವರು, ಇಲಿಗಳ ಕೆಲಸ ಕೆಡಲಿಲ್ಲವಲ್ಲ, ಅಷ್ಟು ಸಾಕು ಎಂದು ಹೇಳಿ ಪಂಜರ ತೊಳೆಯಲು ಹೋದರು. ಸೆಮಿನಾರು ಮುಗಿಯಿತು, ಪದವಿ ಬಂತು, ಕೆಲಸ ಖಾಯಂ ಆಯಿತು. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಅವರ ಹೆಸರನ್ನು ಮೇಡಮ್ ಹೆಸರಿನ ಕೆಳಗೇ ಹಾಕಿದೆ. ಅದನ್ನು ಕಾಕಾ ಎರಡು ಸಲ ಓದಿಸಿ ಕೇಳಿದರು.

ಆಮೇಲೆ ಹತ್ತು ವರ್ಷ ನಾನು ವಿದ್ಯಾರ್ಥಿಗಳಿಗೆ ನೋವಿನ ಮಾತ್ರೆ ಕಿಡ್ನಿಗೆ ಏನು ಮಾಡುತ್ತದೆ ಎಂದು ಪಾಠ ಮಾಡಿದೆ. ನಿಂತು ಪಾಠ ಮಾಡಿ ಮಾಡಿ ಸೊಂಟ ಹಿಡಿಯಿತು. ಸೊಂಟಕ್ಕೆ ದಿನಾ ಎರಡು ನೋವಿನ ಮಾತ್ರೆ ನುಂಗುತ್ತ ಹೋದೆ. ಕಾಲು ಬಾತುಕೊಂಡಾಗ ಸೇಡಂ ರಸ್ತೆಯ ಡಾಕ್ಟರು ಒಂದು ದೊಡ್ಡ ಕ್ಯಾನು ಕೊಟ್ಟು, ಒಂದಿಡೀ ದಿನದ ಮೂತ್ರ ಹಿಡಿದು ತರಲು ಹೇಳಿದರು. ದಿನ ಮುಗಿದಾಗ ನೋಡಿದರೆ ಕ್ಯಾನಿನ ತಳ ಮುಚ್ಚುವಷ್ಟು ಮಾತ್ರ ಇತ್ತು. ನನಗೆ ಹೆದರಿಕೆಯೂ ಆಯಿತು, ಅವಮಾನವೂ ಆಯಿತು. ಯಾರೂ ಇಲ್ಲದ್ದನ್ನು ನೋಡಿ ಒಂದು ತಂಬಿಗೆ ನೀರು ಹಾಕಿ ಕುಲುಕಿದೆ. ಕ್ಯಾನಿಗೆ ಅಂಟಿಕೊಂಡದ್ದನ್ನು ತೊಳೆಯುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಲ್ಯಾಬಿನಲ್ಲಿ ಕ್ಯಾನು ತೆಗೆದುಕೊಂಡವಳು ನನ್ನ ಹಳೆಯ ವಿದ್ಯಾರ್ಥಿನಿ. ಅಳೆದು, ಬಣ್ಣ ನೋಡಿ, ನನ್ನ ಮುಖ ನೋಡಿದಳು. "ನೀರು ಬಿದ್ದದೇನ್ರಿ ಸರ್? ಇರಲಿ ಬಿಡ್ರಿ, ಅಡ್ಡಿ ಇಲ್ಲ. ಒಟ್ಟು ಲೆಕ್ಕ ಹಾಕೂದು ನೀವೇ ಕಲಿಸೀರಿ," ಎಂದಳು.

ಲೆಕ್ಕ ಹಾಕಿದಳು. ರಕ್ತದ ವರದಿ ಎಲ್ಲ ಕುಶಲ ಎಂದಿತ್ತು. ಮೂತ್ರದಲ್ಲಿ ಸೋರಬಾರದ್ದು ಸೋರುತ್ತಿತ್ತು. ನನ್ನ ಪ್ರಬಂಧದಲ್ಲಿ ಬರೆದಂತೆಯೇ, ಸಾಲು ತಪ್ಪದೆ. ಬೇಗ ಗೊತ್ತಾಯಿತು, ಮಾತ್ರೆ ಬಿಟ್ಟರೆ ಕಿಡ್ನಿ ಉಳಿಯುತ್ತದೆ ಎಂದರು ಡಾಕ್ಟರು. ಬಿಟ್ಟೆ, ಉಳಿಯಿತು. ಈಗ ಸೊಂಟ ನೋಯುವಾಗಲೆಲ್ಲ ಆ ಇಲಿಗಳು ನೆನಪಾಗುತ್ತವೆ. ಅವುಗಳಿಗಾದರೂ ಆ ಔಷಧಿಯನ್ನು ನಾನು ಕತ್ತು ಹಿಡಿದು, ಬಾಯಿ ತೆರೆಸಿ ಕುಡಿಸಬೇಕಾಗುತ್ತಿತ್ತು.