ಸೋಮವಾರದ ನೇತಾಟ

ಎತ್ತರ ಎಂದರೆ ನನಗೆ ಆಗದು. ಬಯಲುಸೀಮೆಯವರು ಹೀಗೆ ಹೇಳಿಕೊಂಡರೆ ಯಾರೂ ನಗುವುದಿಲ್ಲ. ಚಿಕ್ಕಮಗಳೂರಿನ ಬೆಟ್ಟಗಳ ನಡುವೆಯೇ ಹುಟ್ಟಿ ಬೆಳೆದವನು ಹೇಳಿಕೊಂಡರೆ, ಸಮುದ್ರದ ಬದಿಯವನು ಮೀನಿನ ವಾಸನೆ ಆಗದು ಎಂದಷ್ಟೇ ವಿಚಿತ್ರವಾಗಿ ಕೇಳಿಸುತ್ತದೆ. ಘಾಟಿ ರಸ್ತೆಯ ಬಸ್ಸಿನಲ್ಲಿ ನಾನು ಯಾವಾಗಲೂ ಗುಡ್ಡದ ಕಡೆಯ ಸೀಟು ಹುಡುಕುವವನು. ಒಮ್ಮೆ ಕಳಸಕ್ಕೆ ಮದುವೆಗೆಂದು ಹೊರಟಾಗ ಕಣಿವೆಯ ಕಡೆಯ ಕಿಟಕಿಯೇ ಗತಿಯಾಯಿತು. ಒಂದು ತಿರುವಿನಲ್ಲಿ ಬಸ್ಸಿನ ಕೆಳಗೆ ರಸ್ತೆಯೇ ಇಲ್ಲವೆಂದು ಕಂಡಾಗ ಮುಂದಿನ ಸೀಟಿನಲ್ಲಿದ್ದ ಅಪರಿಚಿತ ಹಿರಿಯರೊಬ್ಬರ ಭುಜ ಹಿಡಿದುಕೊಂಡೆ. ಅವರು ಇಳಿಯುವ ಊರು ಬಂದರೂ ನನ್ನ ಕೈ ಅವರ ಭುಜ ಬಿಡಲಿಲ್ಲ. ಪಾಪ, ಸಭ್ಯರು. "ತಾವೂ ಇಲ್ಲೇ ಇಳೀತೀರಾ?" ಎಂದಷ್ಟೇ ಕೇಳಿದರು.

ಇಂಥ ನಾನು ಎತ್ತರದಲ್ಲಿ ಕೆಲಸ ಮಾಡುವವರಿಗೆ ಪಾಠ ಹೇಳುವ ಮೇಷ್ಟ್ರಾದದ್ದು ಕಾಫಿಯ ಕಾರಣದಿಂದ. ಆಲ್ದೂರಿನ ಹತ್ತಿರ ಒಂದು ಎಸ್ಟೇಟಿನಲ್ಲಿ ನಾನು ರೈಟರ್ ಆಗಿದ್ದೆ. ರೈಟರ್ ಎಂದರೆ ಕಥೆ ಕಾದಂಬರಿ ಬರೆಯುವವನಲ್ಲ. ಆಳುಗಳ ಹಾಜರಿ, ಗೊಬ್ಬರದ ಚೀಲ ಬರೆದುಕೊಳ್ಳುವವನು. ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ ಕಾಫಿಯ ಬೆಲೆ ಬಿದ್ದದ್ದು ಬಿದ್ದೇ ಹೋಯಿತು. ಸಾಹುಕಾರರು ನನ್ನನ್ನು ಕೂರಿಸಿ, ಕಾಫಿಯನ್ನೇ ಕೊಟ್ಟು, "ನಿಮ್ಮನ್ನ ಕಳ್ಸೋದಕ್ಕೆ ನಂಗೂ ಮನಸ್ಸಿಲ್ಲ" ಎಂದು ಕಳಿಸಿಕೊಟ್ಟರು. ಆಗ ಅತ್ತಿಗುಂಡಿ ಕಡೆಗೆ ಹೋಗುವ ಬೆಟ್ಟದ ರಸ್ತೆಯಲ್ಲಿ, ಪ್ರವಾಸಿಗರಿಗೆಂದು ದೊಡ್ಡದೊಂದು ಹೋಟೆಲು ಏಳುತ್ತಿತ್ತು. ಕಟ್ಟುತ್ತಿದ್ದವರು ಹೊರಗಿನ ಕಂಪನಿಯವರು. ಅಲ್ಲಿನ ಎಂಜಿನಿಯರ್ ಪ್ರಭಾಕರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಂಗ್ಲಿಷ್ ಓದ್ತೀರಾ?" ಎಂದರು. ಓದುತ್ತೇನೆ ಎಂದೆ. "ಗಟ್ಟಿಯಾಗಿ ಮಾತಾಡ್ತೀರಾ?" ತೋಟದ ಈ ತುದಿಯಿಂದ ಆ ತುದಿಯವರನ್ನು ಕರೆದು ರೂಢಿ ಎಂದೆ. "ಹಾಗಾದ್ರೆ ನೀವೇ ನಮ್ಮ ಸೇಫ್ಟಿ" ಎಂದುಬಿಟ್ಟರು. ಎತ್ತರದ ವಿಷಯ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಕಂಪನಿಯ ಕಾನೂನು ಹೀಗಿತ್ತು: ಹೊಸದಾಗಿ ಬಂದ ಯಾರೇ ಆಗಲಿ, ಕಲ್ಲು ಹೊರುವವರೇ ಇರಲಿ, ಕಬ್ಬಿಣ ಕಟ್ಟುವವರೇ ಇರಲಿ, ಮೊದಲ ದಿನ ತಗಡಿನ ಶೆಡ್ಡಿನಲ್ಲಿ ಕೂತು ಸುರಕ್ಷತೆಯ ಪಾಠ ಕೇಳಲೇಬೇಕು. ಕೇಳದವರಿಗೆ ಗೇಟಿನೊಳಗೆ ಪ್ರವೇಶವಿಲ್ಲ. ಪಾಠ ಪ್ರತಿ ಸೋಮವಾರ. ಪಾಠಕ್ಕೆ ಬಂದವರಿಗೆ ಅಂದಿನ ಕೂಲಿಯೂ ಉಂಟು, ನಡುವೆ ಚಹಾ ಮತ್ತು ಬನ್ನೂ ಉಂಟು. ಇಷ್ಟು ತಿಳಿದ ಮೇಲೆ ಹಳಬರೂ ಬಂದು ಕೂತು ನನ್ನ ತರಗತಿ ತುಂಬಿ ತುಳುಕತೊಡಗಿತು. ಒಬ್ಬ ಅಜ್ಜ ಪ್ರತಿವಾರ ಬೇರೆ ಬೇರೆ ಹೆಸರಿನಲ್ಲಿ ಬಂದು ಮುಂದಿನ ಸಾಲಿನಲ್ಲೇ ಕೂತು ಎಲ್ಲಕ್ಕೂ ತಲೆಯಾಡಿಸುತ್ತಿದ್ದ. ಕೊನೆಗೊಂದು ದಿನ ನಾನು ಗುರುತು ಹಿಡಿದಾಗ, "ನಿಮ್ಮ ಪಾಠ ಎಷ್ಟು ಕೇಳಿದ್ರೂ ಸಾಕಾಗಲ್ಲ ಸಾರ್" ಎಂದ. ನನ್ನ ಜೀವಮಾನದಲ್ಲಿ ನನಗೆ ಸಿಕ್ಕ ಏಕೈಕ ಹೊಗಳಿಕೆ ಅದು. ಅದರಲ್ಲಿ ಬನ್ನಿನ ಪಾಲು ಎಷ್ಟು ಎಂದು ವಿಚಾರಿಸಲು ಮನಸ್ಸು ಬರಲಿಲ್ಲ.

ಪಾಠಕ್ಕೆ ಆಧಾರ ಹೆಡ್ಡಾಫೀಸಿನಿಂದ ಬಂದ ಒಂದು ಇಂಗ್ಲಿಷ್ ಪುಸ್ತಿಕೆ. ಅದನ್ನು ಬರೆದ ಮಹಾನುಭಾವರು ಮಲೆನಾಡನ್ನು ಕಂಡವರಲ್ಲ. ಬಿಸಿಲಿನ ಹೊಡೆತದಿಂದ ಪಾರಾಗುವುದು ಹೇಗೆ ಎಂದು ಅದರಲ್ಲಿ ಉದ್ದಕ್ಕೆ ವಿವರಿಸಿದ್ದರು. ಆಷಾಢದ ಮಳೆಯಲ್ಲಿ, ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳ ಕಿತ್ತು ಎಸೆಯುತ್ತ ಕೂತವರ ಮುಂದೆ ನಾನು ಅದನ್ನು ಶ್ರದ್ಧೆಯಿಂದ ಓದಿದೆ. "ಬಿಸಿಲು ಯಾವ ತಿಂಗಳು ಬರ್ತದೆ ಅಂತ ಅದ್ರಲ್ಲಿ ಹಾಕಿದಾರಾ ಸಾರ್?" ಎಂದು ಹಿಂದಿನಿಂದ ಒಬ್ಬರು ಕೇಳಿದರು. ಹಾಗೆ ಕೇಳಿದವರು ಗಿರಿಜಕ್ಕ. ಎಸ್ಟೇಟಿನ ಆಳುಗಳ ಲೈನುಮನೆಯಲ್ಲಿದ್ದು, ತೋಟದಲ್ಲಿ ಕೆಲಸ ಕಡಿಮೆಯಾದ ಮೇಲೆ ಇಲ್ಲಿಗೆ ಗಾರೆ ಕೆಲಸಕ್ಕೆ ಬಂದ ಹೆಂಗಸು. ನಾನು ಕಷ್ಟಪಟ್ಟು "ವೈಯಕ್ತಿಕ ಸಂರಕ್ಷಣಾ ಸಾಧನಗಳು" ಎಂದು ಕನ್ನಡ ಮಾಡಿ ಓದಿದಾಗಲೂ ಆಕೆಯೇ, "ಅದು ಎಂತದು ಸಾರ್?" ಎಂದರು. ಟೋಪಿ, ಬೂಟು ಎಂದೆ. "ಹಂಗಾದ್ರೆ ಟೋಪಿ, ಬೂಟು ಅಂತಾನೇ ಹೇಳಿ ಮಾರಾಯ್ರೆ, ಮಧ್ಯಾಹ್ನದೊಳಗೆ ಮುಗೀತದೆ."

ಟೋಪಿ ಎಂದರೆ ಹೆಲ್ಮೆಟ್ಟು. ಅದನ್ನು ಎಲ್ಲರೂ ಸಂತೋಷದಿಂದಲೇ ತೆಗೆದುಕೊಂಡರು. ತಲೆಯ ಮೇಲೆ ಮಾತ್ರ ಅದು ಕಾಣಿಸುತ್ತಿರಲಿಲ್ಲ. ಒಬ್ಬರು ಅದರಲ್ಲಿ ಅಣಬೆ ತುಂಬಿಕೊಂಡು ಮನೆಗೆ ಹೋಗುತ್ತಿದ್ದರು, ಇನ್ನೊಬ್ಬರು ಮಗುಚಿ ಹಾಕಿ ಅದರ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಇದನ್ನೆಲ್ಲ ಹೇಗೋ ಸಹಿಸಬಹುದಿತ್ತು. ನಿಜವಾದ ಪೇಚು ಇದ್ದದ್ದು ಸೊಂಟಕ್ಕೂ ತೊಡೆಗೂ ಬಿಗಿದುಕೊಳ್ಳುವ ಬೆಲ್ಟಿನಲ್ಲಿ. ಮೇಲಿನ ಅಂತಸ್ತಿನ ಅಂಚಿನಲ್ಲಿ ಕೆಲಸ ಮಾಡುವವರು ಅದನ್ನು ಕಟ್ಟಿಕೊಂಡು, ಅದರ ಹಗ್ಗದ ಕೊಕ್ಕೆಯನ್ನು ಕಬ್ಬಿಣದ ಪೈಪಿಗೆ ಸಿಕ್ಕಿಸಿಕೊಳ್ಳಬೇಕು. ಯಾರೂ ಕಟ್ಟಿಕೊಳ್ಳುತ್ತಿರಲಿಲ್ಲ. ಗಾರೆ ಮೇಸ್ತ್ರಿ ಮೋನಪ್ಪನಂತೂ, "ನಾನು ಸಿಲ್ವರ್ ಮರದ ತುದಿಗೆ ಹೋಗಿ ಕಾಳುಮೆಣಸು ಕೊಯ್ದವನು. ನನ್ನನ್ನ ಹಗ್ಗಕ್ಕೆ ಕಟ್ಟಬೇಡಿ ಸಾರ್, ನಾನೇನು ದನವಾ?" ಎಂದು ಎಲ್ಲರ ಮುಂದೆ ನಕ್ಕುಬಿಟ್ಟ. ಅವನು ನಕ್ಕರೆ ಶೆಡ್ಡೇ ನಗುತ್ತಿತ್ತು.

ನಗದಿದ್ದವರು ಗಿರಿಜಕ್ಕ ಒಬ್ಬರೇ. ಆಕೆ ಎದ್ದು ಬಂದು ಮೇಜಿನ ಮೇಲಿದ್ದ ಬೆಲ್ಟನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. "ನಮ್ಮನೆಯವ್ರು ಮೆಣಸು ಕೊಯ್ಯೋಕೆ ಹೋಗಿ ಮರದಿಂದ ಬಿದ್ದವರು ಸಾರ್. ಇವತ್ತಿಗೂ ಕೋಲು ಹಿಡ್ಕೊಂಡೇ ನಡೀತಾರೆ. ಇದು ನಿಜವಾಗ್ಲೂ ಮನುಷ್ಯರನ್ನ ಹಿಡಿದು ನಿಲ್ಲಿಸ್ತದಾ? ನೀವು ಕಟ್ಕೊಂಡು ನೋಡಿದೀರಾ?" ಎಂದು ಕೇಳಿದರು. ಪುಸ್ತಿಕೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಇಲ್ಲ ಎಂದು ಹೇಳಲು ಬಾಯಿ ತೆರೆದವನು, ಆಕೆಯ ಮುಖ ನೋಡಿ, "ಬರುವ ಸೋಮವಾರ ನಾನೇ ನೇತಾಡಿ ತೋರಿಸುತ್ತೇನೆ" ಎಂದುಬಿಟ್ಟೆ. ಮಾತು ಮುಗಿದ ಮೇಲೆ ಅದನ್ನು ಹೇಳಿದವನು ನಾನೇ ಎಂದು ಗೊತ್ತಾಯಿತು.

ಆ ವಾರ ನನಗೆ ಜ್ವರ ಬರಲಿ ಎಂದು ಹಾರೈಸಿ ಮಳೆಯಲ್ಲಿ ಕೊಡೆಯಿಲ್ಲದೆ ಓಡಾಡಿದೆ. ಒಂದು ಸೀನೂ ಬರಲಿಲ್ಲ. ಸೋಮವಾರ ಬಂತು. ಮೊದಲ ಅಂತಸ್ತಿನ ಸ್ಲ್ಯಾಬಿನ ಅಂಚಿನಲ್ಲಿ ನಿಲ್ಲುವುದು, ಕೊಕ್ಕೆ ಸಿಕ್ಕಿಸಿಕೊಂಡು ಏಣಿಯ ಮೇಲೆ ನಾಜೂಕಾಗಿ ಇಳಿಯುವುದು, ಹಗ್ಗ ಬಿಗಿಯಾದ ಮೇಲೆ ಏಣಿಯಿಂದ ಕಾಲು ತೆಗೆದು ಒಂದು ಗಳಿಗೆ ತೂಗಿ, ಮತ್ತೆ ಏಣಿ ಹಿಡಿದು ಇಳಿದುಬಿಡುವುದು ಎಂದು ಪ್ರಭಾಕರರೂ ನಾನೂ ಲೆಕ್ಕ ಹಾಕಿದ್ದೆವು. ಕೆಳಗೆ ಎಲ್ಲರೂ ಕತ್ತೆತ್ತಿ ನಿಂತಿದ್ದರು. ನಾನು ಕೊಕ್ಕೆ ಸಿಕ್ಕಿಸಿ, ಅದನ್ನು ಜಗ್ಗಿ ನೋಡಿ, ಮತ್ತೊಮ್ಮೆ ಜಗ್ಗಿ, ದೇವರನ್ನು ನೆನೆದು, "ಈಗ ನೋಡಿ" ಎಂದು ಕೈಯೆತ್ತಿದೆ. ಸ್ಲ್ಯಾಬಿನ ಅಂಚಿನಲ್ಲಿ ಪಾಚಿ ಕಟ್ಟಿತ್ತು. ನಾಜೂಕಾಗಿ ಇಳಿಯುವ ಮಾತು ಅಲ್ಲಿಗೇ ಮುಗಿಯಿತು. ಕಾಲು ಜಾರಿದ ರಭಸಕ್ಕೆ ಏಣಿ ಅತ್ತ ಬಿತ್ತು, ನಾನು ಇತ್ತ ಬಿದ್ದೆ.

ಬಿದ್ದೆ ಎಂದರೆ ಪೂರ್ತಿ ಬೀಳಲಿಲ್ಲ. ಬೆಲ್ಟಿನ ಜೋರಾದ ಒಂದು ಜಗ್ಗು, ಆಮೇಲೆ ಎಲ್ಲ ಶಾಂತ. ಕಣ್ಣು ಬಿಟ್ಟರೆ ನಾನು ಗಾಳಿಯಲ್ಲಿ ನಿಧಾನವಾಗಿ ಸುತ್ತುತ್ತಿದ್ದೆ. ಕೆಳಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಜಾರಿದ್ದೂ ಪಾಠದ ಒಂದು ಭಾಗ ಎಂದುಕೊಂಡಿದ್ದರು. ಅಷ್ಟರಲ್ಲಿ ಬೆಟ್ಟದಿಂದ ಮಂಜು ಇಳಿದು ಬಂದು, ಅವರಿಗೆ ನಾನೂ ನನಗೆ ಅವರೂ ಕಾಣದಂತಾಯಿತು. ಅದು ನನಗೆ ಒಳ್ಳೆಯದೇ ಆಯಿತು; ನೆಲ ಕಾಣದಿದ್ದರೆ ಎತ್ತರವೂ ಇಲ್ಲವಲ್ಲ! ಅಯ್ಯೋ ಇಳಿಸಿ ಎಂದು ಕೂಗಲು ಮರ್ಯಾದೆ ಬಿಡಲಿಲ್ಲ. ಬೇರೇನೂ ತೋಚದೆ ಪಾಠ ಮುಂದುವರಿಸಿದೆ.

"ಸಾರ್, ಈಗ ಹೇಗುಂಟು?" ಮಂಜಿನ ಕೆಳಗಿನಿಂದ ಗಿರಿಜಕ್ಕನ ದನಿ.

"ತೊಡೆ ಕಡಿಯುತ್ತದೆ" ಎಂದೆ. ಸುಳ್ಳು ಹೇಳುವ ಸ್ಥಿತಿಯಲ್ಲಿರಲಿಲ್ಲ. "ಪಟ್ಟಿ ಸಡಿಲ ಕಟ್ಟಿದ್ದೆ. ನೀವು ಬಿಗಿಯಾಗಿ ಕಟ್ಟಿಕೊಳ್ಳಿ. ಹಗ್ಗ ಇನ್ನೂ ಗಿಡ್ಡ ಇದ್ದರೆ ಇಷ್ಟು ಜಗ್ಗುತ್ತಿರಲಿಲ್ಲ."

"ಬೆಲ್ಟು ಗಟ್ಟಿ ಉಂಟಾ?"

"ಗಟ್ಟಿ ಇಲ್ಲದಿದ್ದರೆ ನಾನೀಗ ನಿಮ್ಮ ಪಕ್ಕದಲ್ಲೇ ಇರುತ್ತಿದ್ದೆ."

ಯಾರೂ ನಗಲಿಲ್ಲ. ಅಷ್ಟು ಗಮನವಿಟ್ಟು ನನ್ನ ಮಾತನ್ನು ಅವರು ಹಿಂದೆಂದೂ ಕೇಳಿರಲಿಲ್ಲ. ಕೊನೆಗೆ ಮೋನಪ್ಪನೇ ಏಣಿ ಹುಡುಕಿ ತಂದು ಒರಗಿಸಿ, ನನ್ನನ್ನು ಅಕ್ಕಿ ಮೂಟೆಯಂತೆ ತಬ್ಬಿ ಇಳಿಸಿದ. ನೆಲ ಮುಟ್ಟಿದ ಮೇಲೆ ಅವನು ಕಿವಿಯಲ್ಲಿ, "ಸಾರ್, ನೀವು ಬೇಕಂತಲೇ ಜಾರಿದ್ದಲ್ಲ ಅಲ್ವಾ?" ಎಂದ. ಅಲ್ಲ ಎಂದೆ. ಅವನು ಬೆಲ್ಟಿನ ಹೊಲಿಗೆಯನ್ನೊಮ್ಮೆ, ನನ್ನ ಗಾತ್ರವನ್ನೊಮ್ಮೆ ನೋಡಿದ. ಗಿರಿಜಕ್ಕ ನನ್ನ ಸೊಂಟದಿಂದ ಬೆಲ್ಟು ಬಿಚ್ಚಿಕೊಂಡು ಅಲ್ಲೇ ತಾವೇ ಬಿಗಿದುಕೊಂಡು, "ಇಷ್ಟು ದಪ್ಪದ ಸಾರನ್ನೇ ಹಿಡೀತಲ್ಲ, ನಮ್ಮನ್ನ ಬಿಡ್ತದಾ? ಮೋನಪ್ಪಣ್ಣ, ನೀನೂ ಒಂದು ತಗೋ" ಎಂದರು. ಮೋನಪ್ಪ ಗೊಣಗುತ್ತಲೇ ತೆಗೆದುಕೊಂಡ.

ಮಳೆಗಾಲ ಮುಗಿಯುವ ಮೊದಲೇ ಅದರ ಉಪಯೋಗ ಕಂಡಿತು. ಮೂರನೆಯ ಅಂತಸ್ತಿನಲ್ಲಿ ಒದ್ದೆ ಹಲಗೆಯ ಮೇಲೆ ಮೋನಪ್ಪನ ಕಾಲು ಜಾರಿತು. ನಾನು ಓಡಿಹೋಗಿ ನೋಡಿದರೆ ಅವನು ಮೇಲೆ ತೂಗುತ್ತಿದ್ದ. "ಸಾರ್, ಕ್ಲಾಸು ಶುರು ಮಾಡ್ಲಾ?" ಎಂದು ಕೂಗಿದ. ಇಳಿಸಿದ ಮೇಲೆ ಅವನು ಇಟ್ಟಿಗೆಯ ರಾಶಿಯ ಮೇಲೆ ಕೂತ. ಗಿರಿಜಕ್ಕ ತಂದುಕೊಟ್ಟ ಚಹಾ ಆರಿಹೋಗುವವರೆಗೂ ಕುಡಿಯಲಿಲ್ಲ. ಆಮೇಲೆ, "ನನ್ನ ಹುಡುಗಿ ಈಗಷ್ಟೇ ನಡೆಯೋಕೆ ಕಲೀತಿದಾಳೆ" ಎಂದು, ಯಾರಿಗೂ ಅಲ್ಲವೆಂಬಂತೆ ಹೇಳಿದ. ಅಂದಿನಿಂದ ಬೆಲ್ಟು ಕಟ್ಟಿಕೊಳ್ಳಿ ಎಂದು ನಾನು ಯಾರಿಗೂ ಹೇಳಬೇಕಾಗಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಆದರೆ ವಿಷಯ ಹೆಡ್ಡಾಫೀಸಿಗೆ ತಲುಪಿ, ಅಲ್ಲಿನವರಿಗೆ ಬಹಳ ಸಂತೋಷವಾಗಿ, ಮೇಷ್ಟ್ರು ನೇತಾಡುವುದನ್ನು ಪಾಠದ ಖಾಯಂ ಅಂಗವಾಗಿ ಮಾಡತಕ್ಕದ್ದು ಎಂದು ಅಪ್ಪಣೆಯಾಯಿತು. ಕೆಳಗೆ ಮರದ ಹೊಟ್ಟು ತುಂಬಿದ ಚೀಲಗಳನ್ನು ಹಾಸಿದರು, ಎರಡನೆಯದೊಂದು ಹಗ್ಗ ಬಂತು, ಏಣಿಯ ಉಸ್ತುವಾರಿ ಗಿರಿಜಕ್ಕನಿಗೆ ಹೋಯಿತು. ಪ್ರತಿ ಸೋಮವಾರ ನಾನು ನೇತಾಡತೊಡಗಿದೆ. ಭಯ ಹೋಯಿತೇ ಎಂದು ಕೇಳಬೇಡಿ. ಹೋಗಲಿಲ್ಲ, ಕಣ್ಣು ಮುಚ್ಚಿಕೊಳ್ಳುವುದು ಅಭ್ಯಾಸವಾಯಿತು, ಅಷ್ಟೆ.

ಹೀಗೆ ಒಂದು ಸೋಮವಾರ ಕಣ್ಣು ಮುಚ್ಚಿ ತೂಗುತ್ತಿದ್ದಾಗ ಕೆಳಗಿನಿಂದ ಪರಿಚಿತ ದನಿ ಕೇಳಿಸಿತು. ಕಣ್ಣು ಬಿಟ್ಟರೆ ನನ್ನ ಹೆಂಡತಿ ಸುಮಿತ್ರಾ. ನಾನು ಮರೆತುಬಂದ ಬುತ್ತಿಯನ್ನು ಬಸ್ಸು ಹತ್ತಿ ತಂದಿದ್ದಳು. ಅವಳಿಗೆ ಬಹಳ ತಿಂಗಳಿಂದ ನನ್ನೊಡನೆ ಒಂದು ವಿಷಯ ಮಾತಾಡಬೇಕಿತ್ತು. ಅವಳು ಶುರು ಮಾಡಿದಾಗಲೆಲ್ಲ ನನಗೆ ಹಿತ್ತಲಿನಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಅವಳು ನನ್ನನ್ನೂ, ಕಟ್ಟಿದ ಹಗ್ಗವನ್ನೂ, ದೂರದಲ್ಲಿದ್ದ ಏಣಿಯನ್ನೂ ನೋಡಿ, ಬುತ್ತಿಯನ್ನು ಚೀಲಗಳ ಮೇಲಿಟ್ಟು, ಸೆರಗು ಸಿಕ್ಕಿಸಿಕೊಂಡಳು.

"ಈಗ ಹೇಳಿ. ಆಲ್ದೂರು ಬಸ್‌ಸ್ಟ್ಯಾಂಡ್ ಹತ್ರ ಆ ಅಂಗಡಿ ಖಾಲಿ ಆಗಿದೆ. ನಾನು ಟೈಲರಿಂಗ್ ಶುರು ಮಾಡ್ಲಾ, ಬೇಡ್ವಾ?"

"ಮನೆಗೆ ಬಂದು ಮಾತಾಡೋಣ ಕಣೇ, ಕ್ಲಾಸು ನಡೀತಿದೆ" ಎಂದೆ, ಗರಗರ ತಿರುಗುತ್ತ.

"ಮನೇಲಿ ನೀವು ಕೈಗೆ ಸಿಗಲ್ಲ."

ನಾನು ಗಿರಿಜಕ್ಕನ ಕಡೆ ನೋಡಿ ಏಣಿ ಎಂದು ಸನ್ನೆ ಮಾಡಿದೆ. ಆಕೆ ಏಣಿಯನ್ನು ಅದಿದ್ದ ದೂರದ ಗೋಡೆಗೇ ಇನ್ನಷ್ಟು ಭದ್ರವಾಗಿ ಒರಗಿಸಿ, "ಅಕ್ಕ, ನೀವು ಮಾತು ಮುಗಿಸಿ. ಸಾರಿಗೆ ಅರ್ಜೆಂಟಿಲ್ಲ" ಎಂದರು. ಹೊಸದಾಗಿ ಸೇರಿದವರೆಲ್ಲ ಇದೂ ಪಾಠವೇ ಎಂದುಕೊಂಡು ಹತ್ತಿರ ಸರಿದರು. ನಾನು ಶುರು ಮಾಡು ಎಂದೆ. ಹೊಲಿಗೆ ಮೆಷಿನ್ನನ್ನು ನಾನೇ ಹೊತ್ತು ತಂದುಕೊಡುತ್ತೇನೆ ಎಂದೆ. ಇನ್ನು ಮೇಲೆ ಬೆಳಗ್ಗೆ ನನ್ನ ಕಾಫಿ ನಾನೇ ಮಾಡಿಕೊಳ್ಳುತ್ತೇನೆ ಎಂದು, ಅವಳು ಕೇಳದಿದ್ದರೂ ಹೇಳಿದೆ. ಆಮೇಲೆ ಆ ಮಾತಿನಿಂದ ಜಾರಿಕೊಳ್ಳಲು ಸಾಧ್ಯವಾಗಲಿಲ್ಲ. ಅಷ್ಟೂ ಜನ ಸಾಕ್ಷಿಗಳು ನಿಂತು ಕೇಳಿದ್ದರು, ಪ್ರತಿಯೊಬ್ಬರ ತಲೆಯ ಮೇಲೂ ಹೆಲ್ಮೆಟ್ಟಿತ್ತು.