ಸಂಗಪ್ಪ ಕಲಿತ ಗ್ರೀಕ್

ರೊಟ್ಟಿ ಗಂಟು ಅಥೆನ್ಸಿನ ಹೋಟೆಲಿನ ಮಂಚದ ಕೆಳಗೇ ಉಳಿದಿತ್ತು. ಸಂಗಪ್ಪನಿಗೆ ಅದು ನೆನಪಾದದ್ದು ಥೆಸಲೋನಿಕಿಯ ಸಮುದ್ರದಂಡೆಯಲ್ಲಿ, ಹೆಂಡತಿ ಸಿದ್ದಲಿಂಗವ್ವ "ಹಸಿವ್ಯಾಗೈತಿ, ಗಂಟು ಬಿಚ್ರಿ" ಎಂದಾಗ.

ಬೆಟಗೇರಿ ಬಿಡುವಾಗಲೇ ಆಕೆ ತಾಕೀತು ಮಾಡಿದ್ದಳು: "ಮಟನ್ ಗಿಟನ್ ಬಾಯಿಗೆ ಹತ್ತಿತೋ, ನನ್ನ ಅಡಗಿಮನಿ ಹೊಸ್ತಿಲಾ ದಾಟಂಗಿಲ್ಲ. ಜೀವಮಾನಪೂರ್ತಿ ಖಾನಾವಳಿನ ಗತಿ." ಚಹಾ ಕಾಸಲೂ ಬಾರದ ಸಂಗಪ್ಪ ಅಂದಿನಿಂದ ಉಗುಳು ನುಂಗುವಾಗಲೂ ಎರಡು ಸಲ ಯೋಚಿಸುತ್ತಿದ್ದ.

"ನಾ ಏನರ ತರ್ತೀನಿ."

"ಜಲ್ದಿ ಬರ್ರಿ. ಗೈಡ್ ರುಹಿ ಜೋಡಿ ಬಿಳಿ ಗೋಪುರದ ಬುಡಕ ಕುಂತಿರ್ತೀನಿ."

ಜೊತೆಗೆ ಬಂದಿದ್ದ ನೆರೆಮನೆಯ ಕೊಟ್ರೇಶ ಬಾಯಿ ಹಾಕದೆ ಇದ್ದಾನೆಯೇ? "ಕಾಕಾ, ಹೆಸರು ಗಿಸರು ಕೇಳಬ್ಯಾಡ್ರಿ. ಸೀದಾ 'ಮಟನ್?' ಅನ್ರಿ. ಎಲ್ಲಾರಿಗೂ ತಿಳಿತೈತಿ."

ರೋಮನ್ನರ ಹಳೇ ಕಮಾನು ದಾಟಿ ಸಂಗಪ್ಪ ಒಂದು ಅಂಗಡಿ ಹೊಕ್ಕ. ಗಾಜಿನೊಳಗೆ ಪದರು ಪದರಾದ ಬಿಸಿ ಕಡುಬು. ಬೆರಳು ತೋರಿಸಿ "ಮಟನ್?" ಎಂದ.

"ನೇ, ನೇ!" ಅಂಗಡಿಯಾಕೆ ನಕ್ಕಳು.

'ನೈ ನೈ ಅಂತಾಳ! ನಮ್ಮ ಬೆಟಗೇರಿ ಸಂತಿ ಮಾತು ಇಲ್ಲೂ ನಡೀತೈತಲ್ಲಪಾ!' ಸಂಗಪ್ಪನಿಗೆ ಹಿಗ್ಗೋ ಹಿಗ್ಗು. ನಾಲ್ಕು ಕಟ್ಟಿಸಿಕೊಂಡು ದಾರಿಯಲ್ಲೇ ಎರಡು ಮುಗಿಸಿದ. ಏನು ರುಚಿ ಅಂತೀರಿ!

ಬಿಳಿ ಗೋಪುರ ಮಾತ್ರ ಸಿಗಲೊಲ್ಲದು. ಫೋನು ಹೆಂಡತಿಯ ಚೀಲದಲ್ಲಿತ್ತು. ದಂಡೆಯಲ್ಲಿ ಬೆಲ್ಲದ ಪೆಂಟೆಯಂಥ ಕಂದು ಗೋಪುರವೊಂದಿತ್ತು. ಯಾವುದಕ್ಕೂ ಇರಲಿ ಅಂತ ಒಬ್ಬ ಮುದುಕನನ್ನು ಕೇಳಿದ, "ವೈಟ್ ಟವರ್?"

"ನೇ, ನೇ."

'ಅಲ್ಲಂತ. ನನಗೂ ಕಣ್ಣದಾವಲ್ಲ!' ಕುದುರೆ ಏರಿ ನಿಂತ ಅಲೆಕ್ಸಾಂಡರನ ಪ್ರತಿಮೆಯನ್ನೂ ದಾಟಿ, ದೂರದ ಬಿಳಿ ಕಟ್ಟಡ ತೋರಿಸಿ ಒಬ್ಬ ಹುಡುಗಿಯನ್ನು ಕೇಳಿದ. ಅವಳು "ಓಹಿ!" ಎಂದಳು.

'ಓಹೋ ಅಂದ್ಲು. ಅದ ನೋಡು!' ಬಿಸಿಲಲ್ಲಿ ಅಷ್ಟು ದೂರ ನಡೆದುಹೋದರೆ ಅದೊಂದು ದೊಡ್ಡ ಹೋಟೆಲ್. ಬಾಗಿಲು ಕಾಯುವವನು ಗದರಿಸಿ ಕಳಿಸಿದ.

ಹೊರಗೆ ಟೋಪಿ ಮಾರುತ್ತಿದ್ದ ಲಾಹೋರಿನ ತಾರಿಕ್ ಎಂಬಾತ ಇವನ ಪಾಡು ಕೇಳಿ ಹೊಟ್ಟೆ ಹಿಡಿದು ನಕ್ಕ. ಇಲ್ಲಿ 'ನೇ' ಅಂದರೆ ಹೌದು, 'ಓಹಿ' ಅಂದರೆ ಇಲ್ಲ. ಹಿಂದೊಮ್ಮೆ ಸುಣ್ಣ ಬಳಿದಿದ್ದಕ್ಕೆ ಆ ಕಂದು ಗೋಪುರಕ್ಕೇ ಬಿಳಿ ಎಂಬ ಹೆಸರು ಎಂದು ಹಿಂದಿಯಲ್ಲಿ ತಿಳಿಸಿ, ಅಲ್ಲಿಯವರೆಗೆ ತಂದು ಬಿಟ್ಟ.

ಗೋಪುರದ ಹತ್ತಿರ ಬಂದಾಗ ಸಂಗಪ್ಪನಿಗೆ ಅಂಗಡಿಯಾಕೆಯ ಮಾತು ನೆನಪಾಯಿತು. 'ನೇ' ಅಂದರೆ ಹೌದು. ಅಯ್ಯಯ್ಯೋ, ಹಂಗಾರ ನಾ ತಿಂದದ್ದು ಮಟನ್! ಪೊಟ್ಟಣ ಸಮುದ್ರಕ್ಕೆ ಒಗೆಯಬೇಕೆಂದು ಕೈ ಎತ್ತಿದ.

"ಎಲ್ಲಿ ಹಾಳಾಗಿ ಹೋಗಿದ್ರಿ?" ಗೋಪುರದ ಆಚೆ ಮಗ್ಗುಲಿಂದ ಬಂದ ಸಿದ್ದಲಿಂಗವ್ವ ಪೊಟ್ಟಣ ಕಸಿದುಕೊಂಡಳು. ಕಡುಬು ಬಾಯಿಯ ಹತ್ತಿರ ಒಯ್ದು ತಡೆದಳು. "ಖರೇ ಹೇಳ್ರಿ, ಇದರಾಗ ಮಟನ್ ಐತೇನು?"

ಹೌದೆಂದರೆ ಖಾನಾವಳಿ, ಇಲ್ಲವೆಂದರೆ ಪಾಪ. ಸಂಗಪ್ಪನ ತಲೆ ಎಂದೂ ಓಡದಷ್ಟು ಜೋರಾಗಿ ಓಡಿತು. ಸುಳ್ಳೂ ಆಗಬಾರದು, ಸಿಕ್ಕಿಯೂ ಬೀಳಬಾರದು.

"ನೇ, ನೇ," ಎಂದ.

ಸಿದ್ದಲಿಂಗವ್ವ ಕಡುಬನ್ನು ಮೆಲ್ಲಗೆ ಪೊಟ್ಟಣಕ್ಕೆ ವಾಪಸ್ ಇಟ್ಟಳು. ಗಂಡನ ಮೀಸೆಗೆ ಹತ್ತಿದ್ದ ಪುಡಿಯನ್ನೇ ದಿಟ್ಟಿಸಿದಳು.

"ನಿಮ್ಮ ಹಾದಿ ಕಾಯ್ಕೋತ ಕುಂತು ರುಹಿ ಕಡೆ ಎರಡ ಮಾತು ಕಲ್ತೀನ್ರಿ. ಇನ್ನ ನೀವು ನನ್ನ ಅಡಗಿಮನಿ ಹೊಸ್ತಿಲಾ ದಾಟ್ತೀರೇನು?"

ಸಂಗಪ್ಪ ಆಸೆಯಿಂದ ಅವಳ ಮುಖ ನೋಡಿದ. ಉತ್ತರವನ್ನೂ ಅವಳೇ ಕೊಟ್ಟಳು.

"ಓಹಿ!"